ಸೈಪ್ರಸ್ ಗಿಡದ ಜೊತೆ ಒಂದು ಚೀಟಿಯೂ ಇರಲಿ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನರ್ಸರಿಗಳ ಮುಂದೆ ಹಳದಿ ಬೆರೆತ ಹಸಿರಿನ, ಶಂಕುವಿನಾಕಾರದ ಪುಟ್ಟ ಗಿಡಗಳು ಸಾಲುಗಟ್ಟುತ್ತವೆ. ಗೋಲ್ಡನ್ ಸೈಪ್ರಸ್ ಎಂದು ಮಾರುವ ಇವು ಉಡುಗೊರೆಯಾಗಿ ಮನೆ ಸೇರಿ, ಯುಗಾದಿಯ ಹೊತ್ತಿಗೆ ಒಣಗಿದ ಪೊರಕೆಯಂತಾಗಿರುತ್ತವೆ. ನೀರು ಸಾಲಲಿಲ್ಲ ಎಂದು ಮನೆಯವರು, ಹೆಚ್ಚಾಯಿತು ಎಂದು ನರ್ಸರಿಯವರು. ಬಹಳ ಸಲ ಎರಡೂ ನಿಜ, ಅದೂ ಒಂದೇ ಕುಂಡದಲ್ಲಿ.

ಈ ಗಿಡಗಳ ಬುಡದಲ್ಲಿ ಹೆಚ್ಚಾಗಿ ಅಂಟುಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಅದನ್ನು ಹಾಗೇ ಚಂದದ ಕುಂಡದಲ್ಲಿಟ್ಟು ಸುತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬುತ್ತಾರೆ. ಹಾಕಿದ ನೀರು ಸಡಿಲವಾದ ಕೋಕೋಪೀಟಿನಲ್ಲೇ ಇಳಿದು ತಳದಿಂದ ಸೋರಿಹೋಗುತ್ತದೆ, ಬೇರಿರುವ ಉಂಡೆ ಒಣಗಿಯೇ ಉಳಿಯುತ್ತದೆ. ಗಾಬರಿಯಿಂದ ದಿನಕ್ಕೆರಡು ಸಲ ನೀರು ಸುರಿದರೆ ಅದೇ ಉಂಡೆ ನೆನೆದು, ದಿನಗಟ್ಟಲೆ ಆರದೆ ಬೇರು ಕೊಳೆಯುತ್ತದೆ. ದಾಸವಾಳದ ಹಾಗೆ ಎಲೆ ಜೋತುಬಿಟ್ಟು ಎಚ್ಚರಿಸುವ ಜಾತಿಯಲ್ಲ ಇದು. ಬೇರು ಹೋದ ಮೇಲೂ ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಬಣ್ಣ ಮಾಸಿದಾಗ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಲವಣ) ಸುರಿದು ಪ್ರಯೋಜನವಿಲ್ಲ.

ಆದ್ದರಿಂದ ಉಂಡೆಯನ್ನು ಮೊದಲು ಬಕೆಟ್ ನೀರಿನಲ್ಲಿ 15–20 ನಿಮಿಷ ಮುಳುಗಿಸಿಟ್ಟು, ಹೊರಮೈಯ ಒಂದಿಂಚು ಮಣ್ಣನ್ನು ಕಡ್ಡಿಯಿಂದ ನಿಧಾನವಾಗಿ ಬಿಡಿಸಬೇಕು. ಪೂರ್ತಿ ಬಿಡಿಸಿದರೆ ಎಳೆಬೇರುಗಳು ಹರಿದು ಗಿಡ ಚೇತರಿಸಿಕೊಳ್ಳುವುದಿಲ್ಲ. ಎರಡಡಿ ಎತ್ತರದ ಗಿಡಕ್ಕೆ 12 ಇಂಚಿನ ಕುಂಡ ಸಾಕು. ಅದಕ್ಕೆ ತುಂಬುವ ಮಿಶ್ರಣ: ಕೆಂಪು ಮಣ್ಣು 2 ಪಾಲು, ದಪ್ಪ ಮರಳು 1 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 1 ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ತೊಳೆದು ಹಿಟ್ಟಿನಂಥ ಪುಡಿಯನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಅದೇ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಕಾಂಡದ ಬುಡ ಮೊದಲು ಎಷ್ಟು ಮೇಲಿತ್ತೋ ಅಷ್ಟೇ ಇರಲಿ. ಕುಂಡದಡಿ ನೀರು ನಿಲ್ಲುವ ತಟ್ಟೆ ಬೇಡ.

ನೀರು ಬೇಕೋ ಬೇಡವೋ ತಿಳಿಯಲು ಊದುಬತ್ತಿ ಉರಿದು ಉಳಿದ ಬಿದಿರುಕಡ್ಡಿ ಸಾಕು. ಅದನ್ನು ಸುತ್ತಲಿನ ಹೊಸ ಮಣ್ಣಿಗಲ್ಲ, ಉಂಡೆಯೊಳಕ್ಕೇ ಎರಡಿಂಚು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಒದ್ದೆಯಾಗಿದ್ದರೆ ಅಂದು ನೀರು ಬೇಡ. ಒಣಗಿದ್ದರೆ ತಳದಿಂದ ಇಳಿಯುವಷ್ಟು ಹಾಕಿ, ಮತ್ತೆ ಕಡ್ಡಿ ಹೇಳುವವರೆಗೆ ಕಾಯಬೇಕು.

ಇದನ್ನು ‘ಇಂಡೋರ್ ಪ್ಲಾಂಟ್’ ಎಂದು ಮಾರುವುದು ಮಾತ್ರ ಶುದ್ಧ ತಪ್ಪು. ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕು. ಹಬ್ಬಕ್ಕೆಂದು ನಾಲ್ಕು ದಿನ ಒಳಗಿಟ್ಟರೆ ತೊಂದರೆಯಿಲ್ಲ, ಟಿ.ವಿ. ಪಕ್ಕದ ಕಾಯಂ ವಾಸ ಆಗದು. ಗೋಲ್ಡ್‌ಕ್ರೆಸ್ಟ್ ಎಂಬ ಈ ತಳಿಯ ಮೂಲಜಾತಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೆ ಕರಾವಳಿಯದು. ತಂಪುಗಾಳಿ, ಮಂಜಿನ ಊರು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರುಗಳಲ್ಲಿ ಹೊಂದಿಕೊಂಡೀತು. ರಾಯಚೂರಿನ ಬೇಸಿಗೆ, ಮಂಗಳೂರಿನ ಸೆಕೆ ಎರಡೂ ಅದಕ್ಕೆ ಒಗ್ಗುವುದಿಲ್ಲ. ಬಯಲುಸೀಮೆಯವರಿಗೆ ಇದೇ ಬಗೆಯ ಥೂಜಾ ಗಿಡ ಎಷ್ಟೋ ಗಟ್ಟಿ; ಕಂಬದಂತೆ ಏರುವ ಇಟಾಲಿಯನ್ ಸೈಪ್ರಸ್ ಕೂಡ ನೀರು ಬಸಿಯುವ ನೆಲವಿದ್ದರೆ ಬಿಸಿಲನ್ನು ತಾಳುತ್ತದೆ.

ನೆಲಕ್ಕೆ ನೆಡುವುದಾದರೆ ಡಿಸೆಂಬರ್ ಬಿಟ್ಟು ಮುಂಗಾರಿನ ಆರಂಭದಲ್ಲಿ, ಎರಡಡಿ ಉದ್ದ-ಅಗಲ-ಆಳದ ಗುಂಡಿ ತೋಡಿ, ಸುತ್ತಲಿನ ನೆಲಕ್ಕಿಂತ ಮೂರ್ನಾಲ್ಕು ಇಂಚು ದಿಬ್ಬವಾಗಿ ಕೂರಿಸಬೇಕು. ಕುಂಡದಲ್ಲಿ ಮುದ್ದಾಗಿ ಕಾಣುವ ಗೋಲ್ಡ್‌ಕ್ರೆಸ್ಟ್ ನೆಲದಲ್ಲಿ ಮರವೇ ಆಗುತ್ತದೆ ಎಂಬುದು ನೆನಪಿರಲಿ. ಕರೆಂಟ್ ತಂತಿಯಡಿ, ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡಬಾರದು. ಕತ್ತರಿ ಹಾಕುವಾಗ ಹಸಿರು ತುದಿಗಳನ್ನಷ್ಟೇ ಸವರಬೇಕು. ಬೋಳಾದ ಹಳೆಯ ಕೊಂಬೆಯಿಂದ ಇದು ಮತ್ತೆ ಚಿಗುರದು, ಕತ್ತರಿಸಿದ ಜಾಗ ತೂತಾಗಿಯೇ ಉಳಿಯುತ್ತದೆ.

ಕಂದುಬಣ್ಣವೆಲ್ಲ ರೋಗವಲ್ಲ. ಒಳಭಾಗದ ಹಳೆಯ ಎಲೆ ಒಣಗಿ ಉದುರುವುದು ಸಹಜ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಿಡ ಧೂಳು ಮೆತ್ತಿದಂತೆ ಮಂಕಾದರೆ ಬಿಳಿ ಕಾಗದದ ಮೇಲೆ ಕೊಂಬೆ ಕೊಡವಿ ನೋಡಿ. ಚುಕ್ಕಿಗಳು ಹರಿದಾಡಿದರೆ ನುಸಿ. ಮೂರು ದಿನಕ್ಕೊಮ್ಮೆ ಬೆಳಗ್ಗೆ ಪೈಪಿನಿಂದ ಜೋರಾಗಿ ನೀರು ಹಾಯಿಸುವುದೇ ಅರ್ಧ ಮದ್ದು. ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ತೀರಾ ಬಿಸಿಯ ದಿನಗಳಲ್ಲಿ ಆ ಗಂಧಕವೇ ಎಲೆಯನ್ನು ಸುಡುತ್ತದೆ. ಒಂದೇ ಕೊಂಬೆ ಒಣಗಿ ಅದರ ಬುಡದಲ್ಲಿ ಅಂಟು ಒಸರುತ್ತಿದ್ದರೆ ಅದು ಶಿಲೀಂಧ್ರದ ಹುಣ್ಣಿರಬಹುದು. ಹುಣ್ಣಿನಿಂದ ನಾಲ್ಕಿಂಚು ಕೆಳಗೆ, ಆರೋಗ್ಯವಾಗಿರುವ ಕಡೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನ ಗಿಡ ಮುಟ್ಟಬೇಕು. ಕೆಳಗಿನ ಒಂದು ಮಗ್ಗುಲು ಮಾತ್ರ ಸುಟ್ಟಂತಿದ್ದರೆ ಬೀದಿನಾಯಿಯ ಮೂತ್ರವನ್ನೂ ಅನುಮಾನಿಸಬಹುದು!

ಇಷ್ಟನ್ನೆಲ್ಲ ಕೊಳ್ಳುವವರು ಹುಡುಕಿ ತಿಳಿಯಬೇಕಿಲ್ಲ. ಗಿಡದ ಸರಿಯಾದ ಹೆಸರು, ಬೇಕಾದ ಬಿಸಿಲು, ನೆಲದಲ್ಲಿ ಎಷ್ಟೆತ್ತರ ಬೆಳೆಯುತ್ತದೆ ಎಂಬ ಮೂರು ಸಾಲಿನ ಕನ್ನಡ ಚೀಟಿಯನ್ನು ನರ್ಸರಿಯವರು ಪ್ರತಿ ಕುಂಡಕ್ಕೂ ಕಟ್ಟಬಹುದು. ಗಣರಾಜ್ಯೋತ್ಸವದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಾರಾಟ ಮಳಿಗೆಗಳಿಂದಲೇ ತೋಟಗಾರಿಕೆ ಇಲಾಖೆ ಇದನ್ನು ಶುರುಮಾಡಿಸಲಿ.

– ಕೈತೋಟಾಸಕ್ತರು, ಬೆಂಗಳೂರು