ಲಾರಿ ಬಾಡಿಗೆಯಲ್ಲಿ ಕಾದ ದಿನದ ಲೆಕ್ಕ ಎಲ್ಲಿ?

ಸಂಪಾದಕರೇ,

‘ಲಾರಿಯವರು ಬಾಯಿಗೆ ಬಂದಷ್ಟು ಬಾಡಿಗೆ ಕೇಳುತ್ತಾರೆ’ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಹನ್ನೊಂದು ವರ್ಷದಿಂದ ನನ್ನ ಗಾಡಿಯನ್ನು ನಾನೇ ಓಡಿಸುತ್ತಿದ್ದೇನೆ. ಅವರ ಮಾತು ಅರ್ಧ ನಿಜ. ಬಾಯಿಗೆ ಬಂದಷ್ಟೇ ಹೇಳುತ್ತೇವೆ, ಹೌದು. ಆದರೆ ಬಾಯಿಗೆ ಬರುವುದು ಎಷ್ಟೋ ಸಲ ನಮ್ಮ ಖರ್ಚಿಗಿಂತ ಕಡಿಮೆ.

ನಾನೂ ಎಂಟು ವರ್ಷ ಹಾಗೇ ಹೇಳಿದವನು. ಲೋಡು ಕೊಡಿಸುವ ಬ್ರೋಕರ್ ಫೋನ್ ಮಾಡಿ ‘ಎಷ್ಟಕ್ಕೆ ಬರ್ತೀಯ?’ ಅಂದರೆ, ಪಕ್ಕದ ಗಾಡಿಯವನು ಎಷ್ಟು ಹೇಳಿದ ಅಂತ ಕೇಳಿಕೊಂಡು, ಅದಕ್ಕಿಂತ ಸ್ವಲ್ಪ ಇಳಿಸಿ ಹೇಳುತ್ತಿದ್ದೆ. ಡೀಸೆಲ್, ಟೋಲ್, ದಾರಿ ಖರ್ಚು ಕಳೆದು ಜೇಬಲ್ಲಿ ಉಳಿದದ್ದೆಲ್ಲ ಲಾಭ. ಆಮೇಲೆ ಒಂದು ಸಲ ಟಾರ್ಪಾಲು ಕಟ್ಟುವಾಗ ಮೇಲಿಂದ ಬಿದ್ದು ಕೈ ಮುರಿದುಕೊಂಡೆ. ಎರಡು ತಿಂಗಳು ಗಾಡಿಗೆ ಬೇರೆ ಡ್ರೈವರ್ ಇಟ್ಟೆ. ಅದೇ ದಾರಿ, ಅದೇ ಲೋಡು, ಅದೇ ಬಾಡಿಗೆ. ಅವನ ಸಂಬಳ ಕೊಟ್ಟು ಕಂತು ಕಟ್ಟಿದ ಮೇಲೆ ಕೈಯಲ್ಲಿ ಏನೂ ಇಲ್ಲ. ಅವನೇನೂ ಕದ್ದಿರಲಿಲ್ಲ, ಪಾಪ. ನನಗಿಂತ ಕಡಿಮೆ ಡೀಸೆಲ್‌ನಲ್ಲೇ ಓಡಿಸಿದ್ದ. ಎಂಟು ವರ್ಷ ನಾನು ಲಾಭ ಅಂದುಕೊಂಡಿದ್ದು ನನ್ನದೇ ಕೂಲಿ. ಕಂತೇನೋ ತೀರುತ್ತಿತ್ತು, ಅಷ್ಟರಲ್ಲಿ ಗಾಡಿಯೂ ಹಳತಾಗುತ್ತಿತ್ತು.

ಆಗ ಒಂದು ನೋಟ್‌ಬುಕ್ ತಂದೆ. ಮೊದಲ ಸಾಲಲ್ಲೇ ನನ್ನ ಸಂಬಳ ಬರೆದೆ. ಅದರ ಕೆಳಗೆ ಕಂತು, ವಿಮೆ, ತೆರಿಗೆ. ಗಾಡಿ ಓಡಲಿ ಬಿಡಲಿ, ಇವು ನಿಲ್ಲುವುದಿಲ್ಲ. ಇನ್ನೊಂದು ಪುಟದಲ್ಲಿ ಓಡಿದರಷ್ಟೇ ಬರುವ ಖರ್ಚು. ಟೈರು ಹಾಕಿಸಿದ ದಿನ ಮೀಟರ್ ಎಷ್ಟಿತ್ತು ಅಂತ ಬರೆಯುತ್ತೇನೆ. ಹತ್ತು ಟೈರು, ಹತ್ತು ಸಾಲು. ಮೊದಲೆಲ್ಲ ಟೈರು ಸಿಡಿದ ದಿನ ಮಾತ್ರ ಅದರ ಖರ್ಚು ನೆನಪಾಗುತ್ತಿತ್ತು.

ಡೀಸೆಲ್ ನೋಡಿ. 600 ಕಿಲೋಮೀಟರ್ ದೂರದ ಲೋಡು. ತುಂಬಿದ ಗಾಡಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತದೆ, 150 ಲೀಟರ್ ಬೇಕು. ಖಾಲಿ ಬರುವಾಗ ಲೀಟರಿಗೆ 5, ಅಂದರೆ 120 ಲೀಟರ್. ಒಟ್ಟು 270. ಮಾಲು ಕಳಿಸುವವರಿಗೆ ಕಾಣುವುದು ಆ 150 ಮಾತ್ರ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ ಕಾಣುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ದಿನದ್ದು. ಎಲ್ಲ ಸರಿಯಾಗಿ ನಡೆದರೆ ಲೋಡು ಮಾಡಿಸಿಕೊಂಡು ಹೋಗಿ ಬರಲು ನಾಲ್ಕು ದಿನ. ರಿಪೇರಿ, ರಜೆ, ಹಬ್ಬ ಕಳೆದು ತಿಂಗಳಿಗೆ 24 ದಿನ ಓಡಿಸಿದರೆ ಆರು ಟ್ರಿಪ್. ಇಳಿಸಿಕೊಳ್ಳುವವರು ಪ್ರತಿ ಸಲ ಎರಡು ದಿನ ಕಾಯಿಸಿದರೆ ನಾಲ್ಕೇ ಟ್ರಿಪ್. ಆರು ಟ್ರಿಪ್ ಹೊರುತ್ತಿದ್ದ ಕಂತು, ವಿಮೆ, ಸಂಬಳವನ್ನು ಈಗ ನಾಲ್ಕು ಹೊರಬೇಕು. ಒಂದೊಂದರ ಮೇಲೆ ಒಂದೂವರೆ ಪಟ್ಟು ಭಾರ. ಒಂದು ಕಿಲೋಮೀಟರೂ ಜಾಸ್ತಿ ಓಡಿರುವುದಿಲ್ಲ, ನೋಡಿ.

ವಾಪಸ್ ಲೋಡಿನ ವಿಷಯದಲ್ಲಿ ಮಾತ್ರ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಳ್ಳುತ್ತೇವೆ. ‘ಹೇಗೂ ಖಾಲಿ ಹೋಗಬೇಕು, ಡೀಸೆಲ್ ಕಾಸಾದರೂ ಬರಲಿ’ ಅಂತ ಸಿಕ್ಕಿದ ರೇಟಿಗೆ ತುಂಬಿಸಿಕೊಳ್ಳುತ್ತೇವೆ. 120 ಲೀಟರ್ ಬದಲು 150, ಮೂವತ್ತೇ ಲೀಟರ್ ತಾನೇ ಜಾಸ್ತಿ ಅನಿಸುತ್ತದೆ. ಆ ಲೋಡಿಗಾಗಿ ಎರಡು ದಿನ ಕಾದದ್ದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನನಗೆ ವಾಪಸ್ ದಾರಿಯಾದದ್ದು ಅಲ್ಲಿನ ಲಾರಿಯವನಿಗೆ ಹೊರಡುವ ದಾರಿ. ಅವನು ಪೂರ್ತಿ ಬಾಡಿಗೆ ಕೇಳುವ ಜಾಗದಲ್ಲಿ ನಾನು ಅರ್ಧಕ್ಕೆ ಒಪ್ಪಿ ಬರುತ್ತೇನೆ. ಅವನು ನಮ್ಮ ಕಡೆ ಬಂದಾಗ ನನಗೂ ಅದನ್ನೇ ಮಾಡುತ್ತಾನೆ. ಬ್ರೋಕರ್ ಇಬ್ಬರಿಗೂ ಇನ್ನೊಬ್ಬನ ರೇಟು ಹೇಳುತ್ತಾನೆ. ಈಗ ಅರ್ಧ ದಿನದೊಳಗೆ ಸಿಕ್ಕಿದರೆ, ಅದೂ ಕಾದ ಹೊತ್ತಿನ ದುಡ್ಡು ಸೇರಿಸಿ ಕೊಟ್ಟರೆ ಮಾತ್ರ ವಾಪಸ್ ಲೋಡು. ಇಲ್ಲದಿದ್ದರೆ ಖಾಲಿ ಹೊರಡುತ್ತೇನೆ.

ಕಡಿಮೆ ಬಾಡಿಗೆ ಸರಿದೂಗಿಸಲು ಜಾಸ್ತಿ ಟನ್ ಹೇರುವವರೂ ಇದ್ದಾರೆ. ನಾನೂ ಹೇರಿದ್ದೇನೆ. ಟೈರು, ಬ್ರೇಕು ತಿಂದುಹೋದದ್ದು ನೋಡಿ ಬಿಟ್ಟೆ. ರಸ್ತೆಗೂ ಪೆಟ್ಟೇ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿಯೇ ಪರೀಕ್ಷೆ ಮಾಡಿದ್ದರಂತೆ. ಚಕ್ರಗಳನ್ನು ಜೋಡಿಸುವ ಆಕ್ಸಲ್ ಮೇಲೆ ಭಾರ 20 ಪರ್ಸೆಂಟ್ ಜಾಸ್ತಿಯಾದರೆ ರಸ್ತೆ ಹೆಚ್ಚುಕಡಿಮೆ ಎರಡರಷ್ಟು ಸವೆಯುತ್ತದೆ ಅನ್ನುವ ಲೆಕ್ಕ ಅಲ್ಲಿಂದ ಬಂದದ್ದು. ಆ ಗುಂಡಿಯಲ್ಲಿ ಮತ್ತೆ ಹೋಗಬೇಕಾದವರು ನಾವೇ ಅಲ್ವಾ?

ಆ ಓದುಗರ ಸಿಟ್ಟಿನಲ್ಲಿ ಒಂದು ಮಾತಿಗೆ ನಾನು ತಲೆಬಾಗುತ್ತೇನೆ. ಡೀಸೆಲ್ 10 ಪರ್ಸೆಂಟ್ ಏರಿದ ದಿನ ನಮ್ಮಲ್ಲಿ ಕೆಲವರು ಬಾಡಿಗೆಯನ್ನೂ 10 ಪರ್ಸೆಂಟ್ ಏರಿಸುತ್ತಾರೆ. ಅದು ತಪ್ಪು. ನನ್ನ ಖರ್ಚಿನಲ್ಲಿ ಡೀಸೆಲ್ ಅರ್ಧ. ಹಾಗಾಗಿ ನಾನು ಕೇಳಬೇಕಾದದ್ದು 5. ಡೀಸೆಲ್ ಇಳಿದಾಗಲೂ ಅದೇ ಲೆಕ್ಕದಲ್ಲಿ ಇಳಿಸಬೇಕು. ಇಳಿಸುವವರನ್ನು ನಾನಂತೂ ಹೆಚ್ಚು ನೋಡಿಲ್ಲ.

ಹೋದ ತಿಂಗಳು ಒಂದು ಗೋದಾಮಿನ ಮುಂದೆ ಮೂರು ದಿನ ನಿಂತಿದ್ದೆ. ಒಳಗೆ ಜಾಗ ಇಲ್ಲ ಅಂದರು. ಅಂದರೆ ಅವರ ಮಾಲಿಗೆ ನನ್ನ ಗಾಡಿಯೇ ಗೋದಾಮು, ಅದೂ ಬಿಟ್ಟಿ. ಕೊನೆಗೆ ಹಾಲ್ಟಿಂಗ್, ಅಂದರೆ ಕಾದ ದಿನದ ದುಡ್ಡು, ಕೇಳಿದಾಗ ವಾಚ್‌ಮನ್ ಪುಸ್ತಕ ತಿರುಗಿಸಿ ನನ್ನ ಗಾಡಿ ನಂಬರಿನ ಮೇಲೆ ಬೆರಳಿಟ್ಟ. ‘ನೋಡಪ್ಪ, ಇವತ್ತೇ ಬಂದಿದ್ದು’. ಅವರು ಬರೆದುಕೊಂಡಿದ್ದು ನಾನು ಒಳಗೆ ಹೋದ ಹೊತ್ತನ್ನು, ಗೇಟಿಗೆ ಬಂದ ಹೊತ್ತನ್ನಲ್ಲ.

ಈಗ ಗೇಟಿಗೆ ಬಂದ ತಕ್ಷಣ ಬೋರ್ಡು, ಗಾಡಿ ಎರಡೂ ಕಾಣುವ ಹಾಗೆ ಫೋಟೊ ತೆಗೆದು ಬ್ರೋಕರ್‌ಗೆ ಕಳಿಸುತ್ತೇನೆ. ಬಾಡಿಗೆ ಒಪ್ಪುವಾಗಲೇ ಹೇಳಿಬಿಡುತ್ತೇನೆ: ಮೊದಲ ದಿನ ಸುಮ್ನೆ ಕಾಯುತ್ತೇನೆ, ಎರಡನೇ ದಿನದಿಂದ ಹಾಲ್ಟಿಂಗ್. ಮೂವರಲ್ಲಿ ಇಬ್ಬರು ಫೋನ್ ಇಡುತ್ತಾರೆ. ಇಡಲಿ.

ಪತ್ರ ಬರೆದ ಓದುಗರಿಗೆ ಅಂಗಡಿಯೋ ಗೋದಾಮೋ ಇದ್ದರೆ, ಗಾಡಿ ಬಂದ ದಿನವೇ ಇಳಿಸಿಕೊಳ್ಳಲಿ. ಈಗಿನದಕ್ಕಿಂತ ಕಡಿಮೆ ಬಾಡಿಗೆಗೆ ಬರಲು ನಾನು ತಯಾರು.

– ಒಬ್ಬ ಲಾರಿ ಮಾಲೀಕ ಮತ್ತು ಡ್ರೈವರ್