ತೂಕ ಇಳಿಸುವ ಸಲಹೆಗೆ ಶುಲ್ಕ ಪಡೆದು ಸಲಹೆಯನ್ನೇ ನೀಡದಿರುವ ಬಗ್ಗೆ ದೂರು

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ,
ಕಾರವಾರ

ಮಾನ್ಯರೇ,

ಅಂಕೋಲಾದಲ್ಲಿ ವಾಸಿಸುವ ನನ್ನ ತಾಯಿಯವರು ಸಕ್ಕರೆ ಕಾಯಿಲೆ ಮತ್ತು ಮಂಡಿನೋವಿಗಾಗಿ ತಮ್ಮ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದು, ಕಳೆದ ತಿಂಗಳ ಬಿಲ್ಲಿನಲ್ಲಿ ವೈದ್ಯರ ಶುಲ್ಕದ ಜೊತೆಗೆ ‘ಆಹಾರ ಮತ್ತು ಜೀವನಶೈಲಿ ಸಲಹೆ’ ಎಂದು ಪ್ರತ್ಯೇಕವಾಗಿ 400 ರೂಪಾಯಿ ವಸೂಲಿ ಮಾಡಲಾಗಿದೆ. ಆ ದಿನ ಅವರಿಗೆ ಸಿಕ್ಕಿದ್ದು ‘92 ಕಿಲೋ ಇದ್ದೀರಿ, 55ಕ್ಕೆ ಇಳಿಯಬೇಕು’ ಎಂಬ ಒಂದು ಮಾತು ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ, ಅಷ್ಟೇ.

ಹಾಳೆಯಲ್ಲಿ ಓಟ್ಸ್, ಬ್ರೊಕೋಲಿ, ಆಲಿವ್ ಎಣ್ಣೆಯ ಹೆಸರುಗಳಿವೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ ಮತ್ತು ಕಾಯಿ ಅರೆದ ಬಂಗಡೆ ಸಾರು. ಇದರಲ್ಲಿ ಅನ್ನವನ್ನು ಎಷ್ಟಕ್ಕೆ ಇಳಿಸಬೇಕು, ಕಾಯಿಯನ್ನು ಎಷ್ಟು ಹಾಕಬಹುದು, ಮಂಡಿ ಬಗ್ಗದವರು ಮಳೆಗಾಲದಲ್ಲಿ ಮನೆಯೊಳಗೇ ಕುಳಿತು ಯಾವ ವ್ಯಾಯಾಮ ಮಾಡಬಹುದು ಎಂದು ಹೇಳುವುದಿರಲಿ, ಏನು ಉಣ್ಣುತ್ತೀರಿ ಎಂದು ಸಹ ಯಾರೂ ಅವರನ್ನು ಕೇಳಲಿಲ್ಲ.

ಇದರ ಪರಿಣಾಮ ಗಂಭೀರವಾಗಿದೆ. 37 ಕಿಲೋ ಇಳಿಸಬೇಕೆಂಬ ಮಾತಿಗೆ ಹೆದರಿದ ತಾಯಿಯವರು ರಾತ್ರಿಯ ಊಟವನ್ನೇ ಬಿಟ್ಟು, ತಮ್ಮ ವೈದ್ಯರು ಬರೆದ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ಮುಂದುವರಿಸಿದರು. ಒಂದು ರಾತ್ರಿ ಸೀರೆ ತೊಯ್ಯುವಷ್ಟು ಬೆವರಿ, ಕೈ ನಡುಗಿ, ಮಾತು ತೊದಲಿದಾಗ ಗ್ಲುಕೋಮೀಟರಿನಲ್ಲಿ ಸಕ್ಕರೆ 54ಕ್ಕೆ ಇಳಿದಿತ್ತು. ಈ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು ಮತ್ತು ಈ ಮಾತ್ರೆಯಿಂದ ಕೆಲವರ ತೂಕ ಹೆಚ್ಚುವುದೂ ಉಂಟು. ತೂಕದ ಮಾತೆತ್ತಿದ ವೈದ್ಯರು ಇವೆರಡನ್ನೂ ಅಲ್ಲಿಯೇ ತಿಳಿಸಬೇಕಿತ್ತು. ದೇಹದ ತೂಕದಲ್ಲಿ ಶೇ. 5ರಷ್ಟು, ಅಂದರೆ ಇವರಿಗೆ ನಾಲ್ಕೂವರೆ ಕಿಲೋದಷ್ಟು ಇಳಿದರೂ ಸಕ್ಕರೆ ಮತ್ತು ರಕ್ತದೊತ್ತಡ ಸುಧಾರಿಸುತ್ತವೆ ಎಂದು ಒಂದು ಮಾತು ಹೇಳಿದ್ದರೆ ಅವರು ಊಟ ಬಿಡುತ್ತಿರಲಿಲ್ಲ.

ಆಸ್ಪತ್ರೆಯ ಜನ ತುಂಬಿದ ಮೊಗಸಾಲೆಯಲ್ಲಿ ತೂಕ ನೋಡಿ ಅಂಕಿಯನ್ನು ಕೂಗಿ ಹೇಳುವ ಪದ್ಧತಿಯನ್ನೂ ತಾವು ನಿಲ್ಲಿಸಬೇಕು. ರಕ್ತದೊತ್ತಡ ಅಳೆಯುವ ಪಟ್ಟಿ ತಾಯಿಯವರ ತೋಳಿಗೆ ಸಾಲದೆ ಬಿಚ್ಚಿಕೊಳ್ಳುತ್ತಿದ್ದರೂ ಅದನ್ನೇ ಒತ್ತಿ ಹಿಡಿದು ಅಳತೆ ಬರೆದುಕೊಂಡರು. ಚಿಕ್ಕ ಪಟ್ಟಿಯಲ್ಲಿ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಆ ಅಳತೆಯ ಮೇಲೆಯೇ ಅವರ ರಕ್ತದೊತ್ತಡದ ಮಾತ್ರೆಯನ್ನೂ ಹೆಚ್ಚಿಸಲಾಗಿದೆ.

ಆದ್ದರಿಂದ ದೊಡ್ಡ ಪಟ್ಟಿಯಲ್ಲಿ ರಕ್ತದೊತ್ತಡವನ್ನು ಮರಳಿ ಅಳೆದು, ಎರಡೂ ಮಾತ್ರೆಗಳನ್ನು ವೈದ್ಯರಿಂದ ಪುನಃ ಪರಿಶೀಲಿಸಿ, ಆಹಾರತಜ್ಞರೊಂದಿಗೆ ಕನ್ನಡದಲ್ಲಿ ಮಾತನಾಡಲು ಒಂದು ವಾರದೊಳಗೆ ಸಮಯ ನಿಗದಿಪಡಿಸಬೇಕಾಗಿ, ಇಲ್ಲವಾದರೆ ಸಲಹಾ ಶುಲ್ಕವನ್ನು ಮರಳಿಸಿ ಲಿಖಿತ ಉತ್ತರ ನೀಡಬೇಕಾಗಿ ಕೋರುತ್ತೇನೆ. ಬಿಲ್ಲಿನ ಮತ್ತು ಔಷಧ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ಮಗಳು, ಅಂಕೋಲಾ