ಮಗಳಿಗೊಂದು ಪತ್ರ: ನೀನಿಲ್ಲದ ದಿನ ನಿನ್ನ ಮೇಜು

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು.

ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತೆಂದು ನೀನು ಕಳಿಸಿದ ಫೋಟೊವನ್ನು ಹಲವು ಸಲ ತೆಗೆದು ನೋಡಿದೆ. ಮೊದಲು ನೋಡಿದ್ದು ನಿನ್ನ ಮುಖವನ್ನು. ಸೊರಗಿಲ್ಲವಲ್ಲ ಎಂದು ಸಮಾಧಾನವಾಯಿತು. ಆಮೇಲೆ ಕಣ್ಣು ತಾನಾಗಿಯೇ ನಿನ್ನ ಹಿಂದಿದ್ದ ಮೇಜಿನ ಕಡೆಗೆ ಹೋಯಿತು. ಮಾನಿಟರಿನ ಅಂಚಿನ ಸುತ್ತ ಹಳದಿ ಅಂಟುಚೀಟಿಗಳಿದ್ದವು, ಎಣಿಸಿದರೆ ಹನ್ನೊಂದು. ಕೀಬೋರ್ಡಿನ ಎಡಕ್ಕೆ ಒಂದು ಗೇಣು ಎತ್ತರದ ಕಾಗದದ ರಾಶಿ, ಆ ರಾಶಿಯ ಮೇಲೆ ನೀರಿನ ಲೋಟ, ಬಲಕ್ಕೆ ಯಾವುದು ಯಾವುದರದೆಂದು ತಿಳಿಯದಂತೆ ಒಂದಕ್ಕೊಂದು ಸುತ್ತಿಕೊಂಡ ಮೂರು ಚಾರ್ಜರ್ ವೈರುಗಳು. ಇದನ್ನು ಫೋನಿನಲ್ಲಿ ಹೇಳಿದರೆ ಗದರಿದಂತೆ ಕೇಳಿಸುತ್ತದೆ; ಬರೆದರೆ ಕಾರಣವನ್ನೂ ಜೊತೆಗೆ ಹೇಳಬಹುದು. ಆದ್ದರಿಂದ ಈ ಪತ್ರ.

ಕಾರಣ ಹಳೆಯದು. ನಿನಗೆ ಆಗ ಆರು ವರ್ಷ. ನನಗೆ ಜ್ವರ ಬಂದು ಹದಿನೆಂಟು ದಿನ ಕಚೇರಿಗೆ ಹೋಗಲಾಗಿರಲಿಲ್ಲ. ಆ ನಡುವೆ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಅರ್ಜಿ ಏನಾಯಿತೆಂದು ವಿಚಾರಿಸಲು ಬಂದಿದ್ದರು. ಅರ್ಜಿಯ ಜೊತೆಗಿದ್ದ ಮೂಲ ದಾಖಲೆಯೊಂದನ್ನು ಆ ವಾರದೊಳಗೆ ಮೇಲಿನ ಕಚೇರಿಗೆ ಕಳಿಸಬೇಕಿತ್ತು. ನನ್ನ ಪಕ್ಕದ ಮೇಜಿನವರು, ಪಾಪ, ತಮ್ಮ ಕೆಲಸ ಬಿಟ್ಟು ಒಂದು ಇಡೀ ದಿನ ನನ್ನ ಮೇಜು, ಕಪಾಟು, ಕಟ್ಟುಗಳನ್ನೆಲ್ಲ ಹುಡುಕಿದರು. ಸಿಗಲಿಲ್ಲ. ಗಡುವು ಮುಗಿಯಿತು. ಆ ಹಿರಿಯರು ಹೊಸದಾಗಿ ಅರ್ಜಿ ಹಾಕಿ ಮತ್ತೆ ನಾಲ್ಕು ತಿಂಗಳು ಕಾಯಬೇಕಾಯಿತು. ನಾನು ಗುಣವಾಗಿ ಬಂದ ದಿನ ಒಂದು ನಿಮಿಷದಲ್ಲಿ ಅದನ್ನು ತೆಗೆದುಕೊಟ್ಟೆ: ಎಡಗಡೆಯ ಕೊನೆಯ ಡ್ರಾಯರಿನಲ್ಲಿ, ಹಳೆಯ ಡೈರಿಯೊಂದರ ಪುಟಗಳ ನಡುವೆ ಇತ್ತು. ಅದರಲ್ಲಿ ಒಂದು ಸಂಶಯ ಕೇಳುವುದಿತ್ತು, ರಾಶಿಯಲ್ಲಿ ಸೇರಿ ಕಳೆದುಹೋಗದಿರಲಿ ಎಂದು ಜೋಪಾನವಾಗಿ ಬೇರೆ ಎತ್ತಿಟ್ಟಿದ್ದೆ. ಆ ಹಿರಿಯರು ನನ್ನ ಮೇಲೆ ರೇಗಲಿಲ್ಲ. "ಎಲ್ಲಿತ್ತಮ್ಮಾ ಅದು?" ಎಂದಷ್ಟೇ ಕೇಳಿದರು. ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ.

ಮೇಜನ್ನು ಒಪ್ಪವಾಗಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಯಾರಿಗಾಗಿ ಎಂದು ಯಾರೂ ಹೇಳುವುದಿಲ್ಲ. "ನನ್ನ ಮೇಜಿನಲ್ಲಿ ಯಾವುದು ಎಲ್ಲಿದೆ ಎಂದು ನನಗೆ ಗೊತ್ತು" ಎಂಬ ಮಾತನ್ನು ನಾನೂ ಹೇಳುತ್ತಿದ್ದೆ, ಅದು ಸುಳ್ಳೂ ಆಗಿರಲಿಲ್ಲ. ಆದರೆ ಕಚೇರಿಯ ಮೇಜು ನಮ್ಮೊಬ್ಬರ ಆಸ್ತಿಯಲ್ಲ. ಅಲ್ಲಿರುವ ಒಂದೊಂದು ಕಾಗದದ ಹಿಂದೆಯೂ ಅದಕ್ಕಾಗಿ ಕಾಯುತ್ತಿರುವ ಒಬ್ಬರು ಇರುತ್ತಾರೆ, ಮತ್ತು ನಾವು ಇಲ್ಲದ ದಿನ ಅದನ್ನು ಹುಡುಕಬೇಕಾದ ಇನ್ನೊಬ್ಬರು ಇರುತ್ತಾರೆ. ನೀನಿಲ್ಲದ ದಿನ ನಿನ್ನ ಪಕ್ಕದವರು ನಿನಗೆ ಫೋನ್ ಮಾಡದೆ ಬೇಕಾದ ಕಾಗದವನ್ನು ತೆಗೆದುಕೊಳ್ಳಲು ಆಗುತ್ತದೆಯೇ? ನಾನು ಆ ಘಟನೆಯ ನಂತರ ಬೇರೆ ಯಾವ ಅಳತೆಗೋಲನ್ನೂ ಇಟ್ಟುಕೊಳ್ಳಲಿಲ್ಲ.

ಆ ಕಣ್ಣಿನಿಂದ ನೋಡಿದರೆ ನಿನ್ನ ಎಡಗಡೆಯ ರಾಶಿಯ ದೋಷ ತಾನಾಗಿಯೇ ಕಾಣುತ್ತದೆ. ಒಂದರ ಮೇಲೊಂದು ಮಲಗಿದ ಕಾಗದಗಳಲ್ಲಿ ಮೇಲಿನದು ಮಾತ್ರ ಕಣ್ಣಿಗೆ ಬೀಳುತ್ತದೆ. ಉಳಿದವು ಇದ್ದೂ ಇಲ್ಲದಂತೆ. ಕಾಗದವನ್ನು ನಿಲ್ಲಿಸಿ ಇಡಬಹುದು ಎಂಬುದು ನಮಗೆ ಇಂದು ಸಾಮಾನ್ಯ ಸಂಗತಿ, ಆದರೆ ಹತ್ತೊಂಬತ್ತನೆಯ ಶತಮಾನದ ಕಚೇರಿಗಳಲ್ಲಿ ಪತ್ರಗಳನ್ನು ಮಡಚಿ, ಬೆನ್ನಿನ ಮೇಲೆ ವಿಷಯ ಬರೆದು, ಸಣ್ಣ ಸಣ್ಣ ಗೂಡುಗಳಲ್ಲಿ ತುರುಕುತ್ತಿದ್ದರು. 1874ರಲ್ಲಿ ವಿಲಿಯಂ ವೂಟನ್ ಎಂಬ ಅಮೆರಿಕನ್ ಪೇಟೆಂಟ್ ಪಡೆದ ಪ್ರಸಿದ್ಧ ಮೇಜಿನಲ್ಲಿ ಇಂಥ ಗೂಡುಗಳು ಹತ್ತಾರು ಇದ್ದವು. ಎರಡು ಬಾಗಿಲು ಮುಚ್ಚಿ ಬೀಗ ಹಾಕಿದರೆ ಇಡೀ ಕಚೇರಿಯೇ ಅದರೊಳಗೆ. ನೋಡಲು ಚೆಂದ, ಆದರೆ ಯಾವ ಗೂಡಿನಲ್ಲಿ ಏನಿದೆ ಎಂಬುದು ಒಡೆಯನಿಗೆ ಮಾತ್ರ ಗೊತ್ತು. ಮುಂದೆ 1893ರ ಷಿಕಾಗೊ ವಿಶ್ವಮೇಳದಲ್ಲಿ, ಗ್ರಂಥಾಲಯಗಳಿಗೆ ದಶಮಾಂಶ ವರ್ಗೀಕರಣ ಕೊಟ್ಟ ಮೆಲ್ವಿಲ್ ಡ್ಯೂಯಿಯವರ ಲೈಬ್ರರಿ ಬ್ಯೂರೊ ಸಂಸ್ಥೆಯು ಕಾಗದಗಳನ್ನು ಮಡಚದೆ, ಅಂಚಿನ ಮೇಲೆ ನಿಲ್ಲಿಸಿ, ನಡುನಡುವೆ ಹೆಸರಿನ ರಟ್ಟು ಇಟ್ಟು ಜೋಡಿಸುವ ವ್ಯವಸ್ಥೆಯನ್ನು ತೋರಿಸಿತು. ಅಂದಿನಿಂದ ಕಚೇರಿಯ ನೆನಪು ಒಬ್ಬರ ತಲೆಯಿಂದ ಕಪಾಟಿಗೆ ಇಳಿಯಿತೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಯಾರು ಬೇಕಾದರೂ ಬಂದು ರಟ್ಟಿನ ಮೇಲಿನ ಹೆಸರು ಓದಿ ಕಾಗದ ತೆಗೆಯಬಹುದಾಯಿತು. ನಿನ್ನ ಆ ರಾಶಿಯನ್ನೂ ಎಬ್ಬಿಸಿ ನಿಲ್ಲಿಸು. ಹೆಸರು ಬರೆದ ನಾಲ್ಕು ರಟ್ಟಿನ ಫೋಲ್ಡರುಗಳು, ಅವು ಬೀಳದಂತೆ ಹಿಡಿದುಕೊಳ್ಳುವ ಒಂದು ಸ್ಟ್ಯಾಂಡ್, ಇಷ್ಟೇ ಸಾಕು.

ಆದರೆ ಸ್ಟ್ಯಾಂಡನ್ನು ಇವತ್ತೇ ತರಬೇಡ. ಎಲ್ಲರೂ ತಪ್ಪುವುದು ಇಲ್ಲಿಯೇ: ಮೇಜು ಅಸ್ತವ್ಯಸ್ತವಾಗಿದೆ ಎನಿಸಿದ ಕೂಡಲೇ ಟ್ರೇ, ಡಬ್ಬಿ, ಪೆನ್ ಸ್ಟ್ಯಾಂಡ್ ತಂದು, ಬೇಡದ ವಸ್ತುಗಳನ್ನು ಅವುಗಳಲ್ಲಿ ಅಂದವಾಗಿ ತುಂಬಿಬಿಡುತ್ತಾರೆ. ಜಪಾನಿನ ಕಾರ್ಖಾನೆಗಳಲ್ಲಿ ರೂಪುಗೊಂಡು ಜಗತ್ತಿನ ಕಚೇರಿಗಳಿಗೂ ಹಬ್ಬಿದ 'ಫೈವ್ ಎಸ್' ಎಂಬ ಪದ್ಧತಿಯಲ್ಲಿ ಐದು ಮಾತುಗಳಿವೆ: ಸೇಯಿರಿ, ಸೇಯಿಟೊನ್, ಸೇಯಿಸೊ, ಸೇಯಿಕೆಟ್ಸು, ಷಿಟ್ಸುಕೆ. ಅವುಗಳ ಅನುಕ್ರಮದಲ್ಲಿಯೇ ಬುದ್ಧಿವಂತಿಕೆಯಿದೆ. ಮೊದಲನೆಯದು ಬೇಕಾದದ್ದನ್ನೂ ಬೇಡವಾದದ್ದನ್ನೂ ಬೇರ್ಪಡಿಸುವುದು. ಉಳಿದದ್ದಕ್ಕೆ ಜಾಗ ಗೊತ್ತುಮಾಡುವುದು ಎರಡನೆಯದು. ಗುಡಿಸಿ ಒರೆಸುವ ಕೆಲಸ ಮೂರನೆಯದಾಗಿ ಬರುತ್ತದೆ. ಅದನ್ನು ಒಂದು ಕ್ರಮವಾಗಿ ನಿಲ್ಲಿಸುವುದು, ಆ ಕ್ರಮವನ್ನು ಅಭ್ಯಾಸವಾಗಿಸಿಕೊಳ್ಳುವುದು ಕೊನೆಯ ಎರಡು. ಜೋಡಿಸುವುದು ಎರಡನೆಯ ಕೆಲಸ ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ಸಾಮಾನು ಜೋಡಿಸುವ ಮೊದಲೇ ಹೋಗಿರುತ್ತದೆ.

ಒಂದು ಸಂಜೆ, ಫೋನ್ ಕರೆಗಳು ನಿಂತ ಮೇಲೆ, ಒಂದು ಗಂಟೆ ಬಿಡುವು ಮಾಡಿಕೊಂಡು ಆ ರಾಶಿಯನ್ನು ಮೇಲಿನಿಂದ ಒಂದೊಂದಾಗಿ ಕೈಗೆ ತೆಗೆದುಕೋ. ಕೈಗೆ ಬಂದ ಕಾಗದವನ್ನು ಏನೂ ತೀರ್ಮಾನಿಸದೆ ಮತ್ತೆ ಕೆಳಗಿಡಬೇಡ. ಇದು ನಾನು ಮಾಡಬೇಕಾದ ಕೆಲಸವೇ, ಬೇರೊಬ್ಬರ ಉತ್ತರಕ್ಕೆ ಕಾಯುತ್ತಿರುವುದೇ, ವಿಲೇವಾರಿಯಾಗಿ ದಾಖಲೆಗೆ ಸೇರಬೇಕಾದದ್ದೇ, ಅಥವಾ ಯಾರಿಗೂ ಬೇಡವಾದದ್ದೇ ಎಂದು ಕೇಳಿಕೋ. ನಾಲ್ಕರಲ್ಲಿ ಎರಡನೆಯದರ ಮೇಲೆ ನಿನ್ನ ಗಮನ ಹೆಚ್ಚಿರಲಿ. ನಮ್ಮ ಕೆಲಸ ನಮ್ಮನ್ನು ಹೇಗೂ ಎಚ್ಚರಿಸುತ್ತದೆ, ಮುಗಿದದ್ದು ಯಾರನ್ನೂ ಕಾಡುವುದಿಲ್ಲ. ಆದರೆ ಇನ್ನೊಬ್ಬರನ್ನು ಏನನ್ನೋ ಕೇಳಿ, ಉತ್ತರ ಬರಲಿ ಎಂದು ಪಕ್ಕಕ್ಕಿಟ್ಟ ಕಾಗದ ಅಲ್ಲಿಯೇ ನಿದ್ದೆ ಹೋಗುತ್ತದೆ. ನನ್ನ ಡೈರಿಯೊಳಗೆ ಮಲಗಿದ್ದ ಅರ್ಜಿ ಆ ಜಾತಿಯದು. ಆದ್ದರಿಂದ ಕಾಯುವ ಕಾಗದಗಳಿಗೆ ಒಂದೇ ಫೋಲ್ಡರ್ ಇರಲಿ, ಪ್ರತಿಯೊಂದರ ಮೇಲೂ ಯಾರನ್ನು ಯಾವ ದಿನ ಕೇಳಿದೆ, ಮತ್ತೆ ಯಾವ ದಿನ ನೆನಪಿಸಬೇಕು ಎಂದು ಪೆನ್ಸಿಲಿನಲ್ಲಿ ಬರೆದಿರಲಿ, ವಾರಕ್ಕೊಮ್ಮೆ ಗೊತ್ತಾದ ದಿನ ಅದನ್ನು ಪೂರ್ತಿ ತಿರುವಿಹಾಕು. ಬೇಡವಾದ ಕಾಗದದಲ್ಲಿ ಯಾರದಾದರೂ ಹೆಸರು, ಸಂಖ್ಯೆ, ಸಹಿ ಇದ್ದರೆ ಕಸದ ಬುಟ್ಟಿಗೆ ಹಾಗೆಯೇ ಎಸೆಯದೆ ಯಂತ್ರದಲ್ಲಿ ಚೂರು ಮಾಡಿಸು. ದಾಖಲೆಯನ್ನು ಎಷ್ಟು ವರ್ಷ ಇಡಬೇಕೆಂಬ ನಿಯಮ ನಿಮ್ಮ ಕಚೇರಿಯಲ್ಲಿದ್ದರೆ ಅದನ್ನು ಮೊದಲು ಕೇಳಿ ತಿಳಿದುಕೋ. ಹುಮ್ಮಸ್ಸಿನಲ್ಲಿ ಎಸೆದದ್ದು ಹಿಂದಕ್ಕೆ ಬರುವುದಿಲ್ಲ.

ಇನ್ನು ಆ ಹನ್ನೊಂದು ಅಂಟುಚೀಟಿಗಳು. ಅವುಗಳ ಹಿಂದಿರುವ ಅಂಟನ್ನು 1968ರಲ್ಲಿ ತ್ರೀಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಎಂಬ ವಿಜ್ಞಾನಿ ಕಂಡುಹಿಡಿದರು. ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಎಳೆದರೆ ಬಿಟ್ಟುಕೊಡುತ್ತದೆ. ಅವರ ಸಹೋದ್ಯೋಗಿ ಆರ್ಟ್ ಫ್ರೈ ಅದನ್ನು ಕಾಗದದ ಗುರುತುಚೀಟಿಗೆ ಬಳಸಬಹುದೆಂದು ಯೋಚಿಸಿದ ಮೇಲೆ, 1980ರಲ್ಲಿ ಅದು ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು. ಕಿತ್ತು ತೆಗೆಯುವುದಕ್ಕೆಂದೇ ಆದ ಆ ಚೀಟಿಯನ್ನು ತಿಂಗಳುಗಟ್ಟಲೆ ಅಂಟಿಸಿಟ್ಟರೆ ಕಣ್ಣು ಅದಕ್ಕೆ ಒಗ್ಗಿಕೊಂಡು ನೋಡುವುದನ್ನೇ ಬಿಡುತ್ತದೆ. ಮೊದಲ ದಿನ ನೆನಪಿಸಿದ ಚೀಟಿ ಹತ್ತನೆಯ ದಿನ ಗೋಡೆಯ ಬಣ್ಣವಾಗುತ್ತದೆ. ಇವತ್ತಿನ ಕೆಲಸದ ಒಂದೋ ಎರಡೋ ಚೀಟಿ ಇರಲಿ. ಉಳಿದದ್ದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ ಕಿತ್ತುಹಾಕು. ಫೋಟೊವನ್ನು ದೊಡ್ಡದು ಮಾಡಿ ನೋಡಿದಾಗ ಒಂದು ಚೀಟಿಯ ಮೇಲೆ ಅಕ್ಷರ, ಅಂಕಿ, ಚಿಹ್ನೆ ಬೆರೆತ ಒಂದು ಪದ ಕಂಡಿತು. ಅದು ಪಾಸ್‌ವರ್ಡ್ ಆಗಿದ್ದರೆ ಈ ಪತ್ರ ಓದಿ ಮುಗಿಸುವ ಮೊದಲೇ ಅದನ್ನು ಬದಲಿಸು. ಮಾಹಿತಿ ಭದ್ರತೆಯ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರಲ್ಲಿ ಮೇಜನ್ನೂ ಪರದೆಯನ್ನೂ ಖಾಲಿಯಾಗಿಡಬೇಕೆಂಬುದು ಒಂದು ಪ್ರತ್ಯೇಕ ಅಂಶವಾಗಿಯೇ ಸೇರಿದೆ. ಎದ್ದು ಹೋಗುವಾಗ ಪರದೆಗೆ ಬೀಗ ಹಾಕುವುದು ನಿನಗೆ ಉಸಿರಾಟದಷ್ಟು ಸಹಜವಾಗಬೇಕು.

ಪರದೆಯ ಒಳಗೂ ಒಂದು ಮೇಜಿದೆ, ಅದು ಫೋಟೊದಲ್ಲಿ ಕಾಣುವುದಿಲ್ಲ. ಕಳೆದ ರಜೆಯಲ್ಲಿ ನೀನು ಮನೆಯಲ್ಲಿ ಕುಳಿತು ಕೆಲಸ ಮಾಡುವಾಗ ನಾನು ಹಿಂದಿನಿಂದ ನೋಡಿದ್ದೆ: 'ವರದಿ ಫೈನಲ್', 'ವರದಿ ಫೈನಲ್ 2', 'ವರದಿ ಹೊಸ ಫೈನಲ್' ಎಂಬ ಮೂರು ಕಡತಗಳಿದ್ದವು, ಯಾವುದನ್ನು ಕಳಿಸಬೇಕೆಂದು ತಿಳಿಯಲು ನೀನು ಮೂರನ್ನೂ ತೆರೆದೆ. ಕಡತದ ಹೆಸರಿನ ಆರಂಭದಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 2025-03-09 ಎಂಬಂತೆ ಬರೆ. 1988ರಲ್ಲಿ ಪ್ರಕಟವಾದ ಐಎಸ್‌ಒ 8601 ಎಂಬ ಮಾನದಂಡ ಹೇಳುವುದು ಇದೇ ಕ್ರಮವನ್ನು. ದೊಡ್ಡ ಅಳತೆ ಮೊದಲು ಬರುವುದರಿಂದ ಕಂಪ್ಯೂಟರ್ ಹೆಸರುಗಳನ್ನು ಸಾಲಾಗಿ ಜೋಡಿಸಿದಾಗ ಕಾಲದ ಕ್ರಮವೂ ತಾನಾಗಿಯೇ ಸರಿಯಾಗಿ ನಿಲ್ಲುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಕುಗಳು ಒಂದೆಡೆ ಗುಂಪಾಗುತ್ತವೆ. ದಿನಾಂಕದ ನಂತರ ವಿಷಯವನ್ನು ಅಪರಿಚಿತರಿಗೂ ತಿಳಿಯುವ ಮಾತಿನಲ್ಲಿ ಬರೆ.

ನೀನು ವಾದಿಸುವೆ ಎಂದು ನನಗೆ ಗೊತ್ತು. ಹರಡಿಕೊಂಡ ಮೇಜಿನಲ್ಲಿಯೇ ಹೊಸ ಯೋಚನೆಗಳು ಹುಟ್ಟುತ್ತವೆ ಎನ್ನುವೆ. ಆ ಮಾತಿಗೆ ಆಧಾರವೂ ಇದೆ: ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಿಂಗ್‌ಪಾಂಗ್ ಚೆಂಡಿಗೆ ಹೊಸ ಉಪಯೋಗಗಳನ್ನು ಸೂಚಿಸಿ ಎಂದು ಕೇಳಿದಾಗ, ಅಸ್ತವ್ಯಸ್ತ ಕೋಣೆಯಲ್ಲಿ ಕುಳಿತವರ ಸಲಹೆಗಳು ಹೆಚ್ಚು ಕಲ್ಪಕವಾಗಿದ್ದವು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಕೆಲಸದಲ್ಲಿ ಮುಳುಗಿರುವಾಗ ಅದಕ್ಕೆ ಸಂಬಂಧಿಸಿದ ಇಪ್ಪತ್ತು ಹಾಳೆಗಳು ಮೇಜಿನ ತುಂಬ ಹರಡಿದ್ದರೆ ಅದು ಕಸವಲ್ಲ, ನಡೆಯುತ್ತಿರುವ ಯೋಚನೆ. ಅದನ್ನು ಮಧ್ಯಾಹ್ನವೇ ಎತ್ತಿಡು ಎಂದು ಹೇಳುವವಳು ನಾನಲ್ಲ. ಹತ್ತು ಬೇರೆ ಬೇರೆ ಕೆಲಸಗಳ ಎರಡೆರಡು ಹಾಳೆಗಳು ಬೆರೆತು ಬಿದ್ದಿರುವುದು ಮಾತ್ರ ಯಾವ ಯೋಚನೆಗೂ ನೆರವಾಗುವುದಿಲ್ಲ. ಹಾಗೆಯೇ ಮೇಜನ್ನು ಬೋಳಾಗಿಸಲೂ ಬೇಡ. ಎಕ್ಸೆಟರ್ ವಿಶ್ವವಿದ್ಯಾಲಯದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನೂ ಇಲ್ಲದ ಬರಿಯ ಜಾಗದಲ್ಲಿ ಕೆಲಸ ಮಾಡಿದವರಿಗಿಂತ ತಮ್ಮ ಜಾಗವನ್ನು ತಮಗೆ ಬೇಕಾದಂತೆ ಅಣಿಮಾಡಿಕೊಂಡವರು ಹೆಚ್ಚು ಚೆನ್ನಾಗಿ ಕೆಲಸ ಮಾಡಿದರು. ಆ ಪುಟ್ಟ ಗಿಡವೂ ನಿನ್ನ ಅಪ್ಪನ ಫೋಟೊವೂ ಇದ್ದ ಜಾಗದಲ್ಲಿಯೇ ಇರಲಿ.

ನೀರಿನ ಲೋಟವನ್ನು ಮಾತ್ರ ಕಾಗದ, ಕೀಬೋರ್ಡುಗಳಿಂದ ದೂರ, ನಿನ್ನ ಕೈ ಆಗಾಗ ಓಡಾಡದ ಮೂಲೆಯಲ್ಲಿಡು. ವೈರುಗಳನ್ನು ಬಿಡಿಸಿ, ಪ್ರತಿಯೊಂದರ ಎರಡು ತುದಿಗೂ ಹೆಸರಿನ ಚೀಟಿ ಸುತ್ತಿ, ಮೇಜಿನ ಹಿಂಬದಿಗೆ ಕಟ್ಟು. ನಡೆಯುವ ಕಾಲಿಗೆ ಅವು ಸಿಗಬಾರದು, ಪ್ಲಗ್ ಬೋರ್ಡಿನ ಮೇಲೆ ಕಾಗದ ಒರಗಿರಬಾರದು.

ಪ್ರತಿದಿನ ಹೊರಡುವ ಮುನ್ನ ಹತ್ತು ನಿಮಿಷ ಈ ಕೆಲಸಕ್ಕೆ ಮೀಸಲಿಡು. ಕೊನೆಯ ಹತ್ತು ನಿಮಿಷದಲ್ಲಿ ಹೊಸ ಕೆಲಸ ಹಿಡಿಯಬೇಡ. ಹಿಡಿದರೆ ಅದು ಅರ್ಧಕ್ಕೆ ನಿಂತು ನಾಳೆಯ ರಾಶಿಯ ತಳವಾಗುತ್ತದೆ. ಹಾಳೆಗಳನ್ನು ಅವುಗಳ ಫೋಲ್ಡರಿಗೆ ಸೇರಿಸಿ, ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ ಒಂದನ್ನು ಮಾತ್ರ ಮೇಜಿನ ನಡುವೆ ಇಟ್ಟು ಏಳು. ಜೊತೆಗೆ, ನಾನು ನಿವೃತ್ತಳಾಗುವವರೆಗೂ ಬಿಡದೆ ಮಾಡಿದ ಒಂದು ಕೆಲಸವನ್ನು ನೀನೂ ಮಾಡು: ಅಂಗೈಯಗಲದ ರಟ್ಟಿನ ಮೇಲೆ ಯಾವ ಫೋಲ್ಡರಿನಲ್ಲಿ ಏನಿದೆ, ಕಪಾಟಿನ ಕೀಲಿ ಎಲ್ಲಿದೆ, ಈ ವಾರದ ಗಡುವುಗಳು ಯಾವುವು ಎಂದು ಬರೆದು ಮೇಲಿನ ಡ್ರಾಯರಿನಲ್ಲಿಡು, ಅದು ಅಲ್ಲಿದೆಯೆಂದು ಪಕ್ಕದವರಿಗೆ ಹೇಳಿರು. ಎರಡನೆಯ ಸಲ ನಾನು ಕಾಯಿಲೆಬಿದ್ದಾಗ, ಅಂದು ಇಡೀ ದಿನ ಹುಡುಕಿ ಸೋತ ಅದೇ ಸಹೋದ್ಯೋಗಿ ಆ ರಟ್ಟನ್ನು ನೋಡಿಕೊಂಡು ಎಲ್ಲ ಕೆಲಸ ನಡೆಸಿದ್ದರು. ನಾನು ಮರಳಿ ಬಂದಾಗ ಅದರ ಕೆಳಗೆ ಅವರ ಅಕ್ಷರದಲ್ಲಿ, ನಾನಿಲ್ಲದಾಗ ಕಳಿಸಿದ ಮೂರು ಕಾಗದಗಳ ಸಂಖ್ಯೆ, ತಾರೀಕುಗಳು ಬರೆದಿದ್ದವು.

ಮುಂದಿನ ಸಲ ಫೋಟೊ ಕಳಿಸುವಾಗ ಡ್ರಾಯರುಗಳನ್ನೂ ತೆರೆದು ತೆಗೆ. ಎಡಗಡೆಯ ಕೊನೆಯದನ್ನು ಬಿಡಬೇಡ.

ಪ್ರೀತಿಯಿಂದ,
ನಿನ್ನ ಅಮ್ಮ